ವರದಿಯಲ್ಲಿ ಈ ಬಾರಿ ಮಕ್ಕಳ ಫೋಟೋ ಏಕಿಲ್ಲ?

(ಕೊಡಿಗೇನಹಳ್ಳಿಯಲ್ಲಿ ನಡೆದ ಟ್ರಸ್ಟಿನ ವಾರ್ಷಿಕ ಸಭೆ ಮತ್ತು ವಿದ್ಯಾರ್ಥಿವೇತನ ವಿತರಣಾ ಕಾರ್ಯಕ್ರಮದಲ್ಲಿ ಆಡಳಿತ ಸಮಿತಿಯ ಪರವಾಗಿ ಮಾಡಿದ ಭಾಷಣ. ಬರಲಾಗದ ದಾನಿಗಳಿಗೂ ಕುಟುಂಬಗಳಿಗೂ ತಲುಪಲೆಂದು ಇಲ್ಲಿ ಪೂರ್ತಿಯಾಗಿ ಅಚ್ಚು ಮಾಡಿದ್ದೇವೆ.)





ನಿಮ್ಮ ಕೈಯಲ್ಲಿ ಈ ವರ್ಷದ ವರದಿ ಇದೆ. ಪ್ರತಿ ವರ್ಷ ಅದು ಕೈಗೆ ಬಂದ ಕೂಡಲೇ ನೀವು ಮೊದಲು ತೆರೆಯುತ್ತಿದ್ದದ್ದು ನಡುವಿನ ಬಣ್ಣದ ಪುಟಗಳನ್ನು. ಚೆಕ್ ಹಿಡಿದ ಮಕ್ಕಳು, ಅವರ ಮನೆಗಳು, ಮನೆಯ ಮುಂದೆ ನಿಂತ ನಮ್ಮ ಸಮಿತಿಯವರು, ಎಲ್ಲ ಅಲ್ಲಿರುತ್ತಿತ್ತು. ಈ ಬಾರಿ ಆ ಪುಟಗಳು ಇಲ್ಲ. ಬಾಗಿಲಲ್ಲೇ ನಾಲ್ಕಾರು ಜನ ಕೇಳಿದರು: ಅಚ್ಚಿನ ಖರ್ಚು ಉಳಿಸಿದಿರಾ? ಫೋಟೋ ತೆಗೆಯುವವರು ಸಿಗಲಿಲ್ಲವಾ? ಫೋಟೋಗಳು ನಮ್ಮ ಬಳಿ ಇದ್ದವು. ತಿಳಿದೇ ಬಿಟ್ಟಿದ್ದೇವೆ. ಏಕೆ ಎಂದು ಹೇಳುವುದು ನಮ್ಮ ಕರ್ತವ್ಯ. ಅದಕ್ಕೆ ನಮ್ಮ ತಪ್ಪಿನಿಂದಲೇ ಆರಂಭಿಸಬೇಕು.

ನಮ್ಮ ಭಾಗದ ಬದುಕು ನಿಮಗೆ ಗೊತ್ತು. ಜಯಮಂಗಲಿ ಹರಿದ ವರ್ಷ ಊರು ತುಂಬಿರುತ್ತದೆ, ಬತ್ತಿದ ವರ್ಷ ಬೆಂಗಳೂರಿನ ಬಸ್ಸು ತುಂಬಿರುತ್ತದೆ. ಕಡಲೆಕಾಯಿ ಕೈಕೊಟ್ಟು, ಬೋರ್‌ವೆಲ್ ನಿಂತುಹೋದ ಮೇಲೆ, ಸ್ವಂತ ಜಮೀನು ಇಲ್ಲದವರು ಮೊದಲು ಹೊರಡುತ್ತಾರೆ. ಅಂಥ ಒಂದು ಕುಟುಂಬ ನಮ್ಮ ಹೋಬಳಿಯಿಂದ ಬೆಂಗಳೂರಿನ ಒಂದು ಕೊಳಗೇರಿಗೆ ಹೋಯಿತು. ಯಾವ ಕೊಳಗೇರಿ ಎಂದು ನಾವು ಹೇಳುವುದಿಲ್ಲ, ಹೇಳಿದರೆ ಇವತ್ತಿನ ಮಾತಿಗೇ ಅರ್ಥ ಉಳಿಯುವುದಿಲ್ಲ. ತಂದೆ ಮಂಡಿಯಲ್ಲಿ ಮೂಟೆ ಹೊರುತ್ತಾರೆ. ತಾಯಿ ಮನೆಯಲ್ಲೇ ಕುಳಿತು ಅಗರಬತ್ತಿ ಹೊಸೆಯುತ್ತಾರೆ. ಹಿರಿಯ ಮಗಳು ಎಸ್‌ಎಸ್‌ಎಲ್‌ಸಿಯಲ್ಲಿ ಒಳ್ಳೆಯ ಅಂಕ ಪಡೆದು ಪಿಯುಸಿ ವಿಜ್ಞಾನಕ್ಕೆ ಸೇರಿದಳು. ಶುಲ್ಕಕ್ಕೆ ನಮ್ಮ ಟ್ರಸ್ಟಿಗೆ ಅರ್ಜಿ ಹಾಕಿದಳು.

ನಾವು ಮನೆ ನೋಡಲು ಹೋದೆವು. ತಗಡಿನ ಚಾವಣಿಯ ಒಂದೇ ಕೋಣೆ. ಒಂದು ಮೂಲೆಯಲ್ಲಿ ಗ್ಯಾಸ್ ಸ್ಟವ್, ಇನ್ನೊಂದು ಮೂಲೆಯಲ್ಲಿ ಮೋರಿಗೆ ತೂತು ಬಿಟ್ಟ ಬಚ್ಚಲು. ಗೋಡೆಯ ಮೇಲೆ ತೇವ ಏರಿದ ಗುರುತು. ನಾವು ಕ್ಯಾಮೆರಾ ತೆಗೆದೆವು. ತಾಯಿ ಸೆರಗು ಸರಿಮಾಡಿಕೊಂಡು, ಬಟ್ಟೆಗಳನ್ನು ಪೆಟ್ಟಿಗೆಯ ಹಿಂದೆ ಸರಿಸಲು ಹೋದರು. ನಮ್ಮಲ್ಲೇ ಒಬ್ಬರು, 'ಇರಲಿ ಬಿಡಿ ಆಪಾ, ಇದ್ದ ಹಾಗೆಯೇ ಬರಲಿ, ದಾನಿಗಳಿಗೆ ಗೊತ್ತಾಗಬೇಕು' ಎಂದರು. ಆ ಮಾತು ಆಡಿದ್ದು ನಾವೇ. ಅದನ್ನು ಇಲ್ಲಿ ಮುಚ್ಚಿಡುವುದಿಲ್ಲ.

ಫೋಟೋ ವರದಿಯಲ್ಲಿ ಬಂತು. ಕೆಳಗೆ ಹುಡುಗಿಯ ಹೆಸರು, ಕಾಲೇಜಿನ ಹೆಸರು, 'ಕಡುಬಡತನದಲ್ಲಿ ಅರಳಿದ ಪ್ರತಿಭೆ' ಎಂಬ ಸಾಲು. ಹೊಗಳಿದ್ದೇವೆ ಎಂದೇ ನಾವು ತಿಳಿದಿದ್ದೆವು. ಯಾರೋ ಆ ಪುಟವನ್ನು ಮೊಬೈಲಿನಲ್ಲಿ ಹಿಡಿದು ವಾಟ್ಸಪ್ಪಿಗೆ ಹಾಕಿದರು. ಅದು ಸುತ್ತಿ ಸುತ್ತಿ ಅವಳ ತರಗತಿಯ ಗುಂಪಿಗೇ ಬಂತು. ಅವಳು ಮನೆಯಲ್ಲಿ ಏನೂ ಹೇಳದೆ ಎರಡು ವಾರ ಕಾಲೇಜಿಗೆ ಹೋಗುವುದನ್ನು ನಿಲ್ಲಿಸಿದಳು. ಈದ್‌ಗೆ ಊರಿಗೆ ಬಂದಾಗ ನಮ್ಮ ಕಚೇರಿಗೆ ಬಂದಳು. ಜಗಳ ಮಾಡಲಿಲ್ಲ. ಒಂದೇ ಪ್ರಶ್ನೆ ಕೇಳಿದಳು:

'ಚಾಚಾ, ಆ ಪುಸ್ತಕ ಎಷ್ಟು ಮನೆಗೆ ಹೋಗಿದೆ? ವಾಪಸ್ ತರಿಸಬಹುದಾ?'

ನಮ್ಮ ಬಳಿ ಉತ್ತರ ಇರಲಿಲ್ಲ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಒಂದು ವರ್ಷದ ಶುಲ್ಕ ಕೊಟ್ಟು ನಾವು ಒಂದು ಮನೆಯ ಮಾನ ತೆಗೆದುಕೊಂಡಿದ್ದೆವು. ಆ ದಿನದಿಂದ ಸಮಿತಿಯಲ್ಲಿ ಈ ಚರ್ಚೆ ನಡೆದಿದೆ.

ಹಾಗಾದರೆ ಕೊಳಗೇರಿಯ ಮಕ್ಕಳ ಫೋಟೋ ತೆಗೆಯುವುದೇ ತಪ್ಪೇ? ಸಮಿತಿಯ ಕೆಲವರು ಹಾಗೆಯೇ ವಾದಿಸಿದರು. ಆದರೆ ಇತಿಹಾಸ ಓದಿದಾಗ ಅದು ಅಷ್ಟು ಸುಲಭವಲ್ಲ ಎಂದು ತಿಳಿಯಿತು. ಮಕ್ಕಳೇ, ಇದು ನಿಮಗೂ ತಿಳಿದಿರಬೇಕಾದ ಇತಿಹಾಸ, ಸ್ವಲ್ಪ ವಿವರವಾಗಿಯೇ ಹೇಳುತ್ತೇವೆ.

ನ್ಯೂಯಾರ್ಕ್ ನಗರದಲ್ಲಿ ಜೇಕಬ್ ರೀಸ್ ಎಂಬ ಪತ್ರಕರ್ತರಿದ್ದರು. ತಾವೇ ಡೆನ್ಮಾರ್ಕಿನಿಂದ ವಲಸೆ ಬಂದು ಹಸಿವು ಕಂಡವರು. ಬಡ ವಲಸೆಗಾರರು ತುಂಬಿದ್ದ ವಠಾರಗಳ ಚಿತ್ರಗಳೊಂದಿಗೆ 1890ರಲ್ಲಿ ಒಂದು ಪುಸ್ತಕ ಹೊರತಂದರು. ಬೆಳಕಿಲ್ಲದ ಕೋಣೆಗಳು, ಒಂದೇ ಕೋಣೆಯಲ್ಲಿ ಒತ್ತಾಗಿ ಮಲಗಿದ ಜನ, ಬೀದಿಯಲ್ಲಿ ಮಲಗಿದ ಹುಡುಗರು. ಆ ನಗರದ ಉಳ್ಳವರು ತಮ್ಮ ಪಕ್ಕದ ಬೀದಿಯನ್ನೇ ಆಗ ಮೊದಲ ಬಾರಿಗೆ ನೋಡಿದರು. ಇಂಥ ಪ್ರಯತ್ನಗಳ ಫಲವಾಗಿ 1901ರಲ್ಲಿ ಅಲ್ಲಿ ವಠಾರದ ಮನೆಗಳಿಗೆ ಗಾಳಿ, ಬೆಳಕು, ಶೌಚಾಲಯ ಇರಲೇಬೇಕೆಂಬ ಕಾನೂನು ಬಂತು. ಆದರೆ ರೀಸ್ ಅವರ ರೀತಿಯನ್ನೂ ನೋಡಿ. ರಾತ್ರಿ ಹೊತ್ತು ಹೇಳದೆ ಕೇಳದೆ ಕೋಣೆಗೆ ನುಗ್ಗಿ, ಬೆಳಕಿಗಾಗಿ ಪುಡಿ ಸಿಡಿಸಿ, ಚಿತ್ರ ತೆಗೆದು ಹೊರಟುಬಿಡುತ್ತಿದ್ದರು. ಒಮ್ಮೆ ಅಂಧರು ವಾಸವಿದ್ದ ಕೋಣೆಯಲ್ಲಿ ಆ ಪುಡಿಯಿಂದ ಗೋಡೆಗೆ ಬೆಂಕಿ ಹತ್ತಿತು. ಅದನ್ನು ಅವರೇ ಬರೆದುಕೊಂಡಿದ್ದಾರೆ. ಒಳ್ಳೆಯ ಉದ್ದೇಶದಿಂದ ಹೋದವರೂ ಬಡವರ ಮನೆಗೆ ಬೆಂಕಿ ಹಚ್ಚಿ ಬರಬಹುದು ಎಂಬುದಕ್ಕೆ ಇದಕ್ಕಿಂತ ದೊಡ್ಡ ಪಾಠ ಬೇಡ.

ಅವರ ನಂತರ ಲೂಯಿಸ್ ಹೈನ್ ಬಂದರು. ಅವರು ಶಾಲಾ ಮೇಷ್ಟ್ರು. 1908ರಿಂದ ಬಾಲಕಾರ್ಮಿಕ ಪದ್ಧತಿಯ ವಿರುದ್ಧ ಹೋರಾಡುತ್ತಿದ್ದ ಒಂದು ರಾಷ್ಟ್ರೀಯ ಸಮಿತಿಗಾಗಿ ಅಮೆರಿಕದ ಗಿರಣಿ, ಗಣಿ, ಕಾರ್ಖಾನೆಗಳನ್ನು ಸುತ್ತಿದರು. ಮಾಲೀಕರು ಒಳಗೆ ಬಿಡುತ್ತಿರಲಿಲ್ಲ. ಅದಕ್ಕೆ ಒಮ್ಮೆ ಬೈಬಲ್ ಮಾರುವವರಂತೆ, ಒಮ್ಮೆ ಇನ್‌ಸ್ಪೆಕ್ಟರಂತೆ ಹೋಗುತ್ತಿದ್ದರು. ಮಗುವಿನ ಎತ್ತರವನ್ನು ತಮ್ಮ ಅಂಗಿಯ ಗುಂಡಿಗಳಿಂದ ಅಳೆದು, ವಯಸ್ಸನ್ನು ಜೇಬಿನೊಳಗೇ ಗುಟ್ಟಾಗಿ ಬರೆದುಕೊಳ್ಳುತ್ತಿದ್ದರು. ದೇಶಕ್ಕೆಲ್ಲ ಅನ್ವಯಿಸುವ ಕಾನೂನು ಗಟ್ಟಿಯಾಗಿ ನಿಲ್ಲಲು 1938ರವರೆಗೆ ಕಾಯಬೇಕಾಯಿತು. ಮೂವತ್ತು ವರ್ಷ! ಒಂದು ಫೋಟೋ ಹಾಕಿದ ಮರುದಿನವೇ ಬದಲಾವಣೆ ಬರಬೇಕೆಂದು ಬಯಸುವ ನಮಗೆ ಇದು ತಿಳಿದಿರಲಿ.

ಇನ್ನು ಇಂಗ್ಲೆಂಡಿಗೆ ಬನ್ನಿ. 1966ರ ಡಿಸೆಂಬರಿನಲ್ಲಿ ಅಲ್ಲಿ 'ಶೆಲ್ಟರ್' ಎಂಬ ಸಂಸ್ಥೆ ಹುಟ್ಟಿತು. ಮನೆ ಇಲ್ಲದವರಿಗಾಗಿ, ವಾಸಕ್ಕೆ ಯೋಗ್ಯವಲ್ಲದ ಮನೆಗಳಲ್ಲಿ ಇರುವವರಿಗಾಗಿ ಕೆಲಸ ಮಾಡುವ ಸಂಸ್ಥೆ ಅದು. ನಮ್ಮ ಹಾಗೆಯೇ ದಾನಿಗಳ ಹಣದಿಂದ ನಡೆಯುವಂಥದು. 1968ರಿಂದ 1972ರವರೆಗೆ ನಿಕ್ ಹೆಡ್ಜಸ್ ಎಂಬ ಯುವ ಛಾಯಾಗ್ರಾಹಕ ಅದಕ್ಕಾಗಿ ಬರ್ಮಿಂಗ್‌ಹ್ಯಾಂ, ಗ್ಲಾಸ್ಗೋ, ಲಿವರ್‌ಪೂಲ್, ಬ್ರಾಡ್‌ಫರ್ಡ್ ಮುಂತಾದ ನಗರಗಳ ಕೊಳಗೇರಿ ಮನೆಗಳ ಚಿತ್ರ ತೆಗೆದರು. ಭಾರತ, ಪಾಕಿಸ್ತಾನಗಳಿಂದ ಕೆಲಸಕ್ಕೆ ಹೋದ ನಮ್ಮಂಥವರೂ ಆಗ ಈ ನಗರಗಳ ಹಳೆಯ ಮನೆಗಳಲ್ಲಿ ಬಾಡಿಗೆಗೆ ಇದ್ದರು. ಸುಲಿದ ಗೋಡೆ, ಒಂದೇ ಹಾಸಿಗೆಯಲ್ಲಿ ಹಲವು ಮಕ್ಕಳು, ಮಗುವನ್ನು ಮಡಿಲಲ್ಲಿಟ್ಟು ಕಿಟಕಿಯ ಪಕ್ಕ ಕುಳಿತ ತಾಯಿ. ಇಂಗ್ಲೆಂಡಿನಂಥ ಶ್ರೀಮಂತ ದೇಶದಲ್ಲೂ ಹೀಗಿದೆಯೇ ಎಂದು ಜನ ಬೆಚ್ಚಿದರು.

ನಮ್ಮ ಮನಸ್ಸಿಗೆ ನಾಟಿದ್ದು ಆಮೇಲೆ ನಡೆದದ್ದು. ಆ ಕುಟುಂಬಗಳ ಗುರುತು ಕಾಪಾಡಲು ಆ ಚಿತ್ರಗಳ ಬಳಕೆಯ ಮೇಲೆ 40 ವರ್ಷ ನಿರ್ಬಂಧ ಇಟ್ಟರು. ಚಿತ್ರದಲ್ಲಿದ್ದ ಮಗು ದೊಡ್ಡದಾಗಿ, ಕೆಲಸಕ್ಕೆ ಸೇರಿ, ಮದುವೆಯಾಗಿ, ತನ್ನ ಮಕ್ಕಳನ್ನು ಬೆಳೆಸುವವರೆಗೆ ಆ ಚಿತ್ರ ಅವರ ಬೆನ್ನು ಹತ್ತಬಾರದು ಎಂಬ ಎಚ್ಚರ. ಆ ಅವಧಿ ಮುಗಿದ ಮೇಲೆ, 2014ರಲ್ಲಿ, ಲಂಡನ್ನಿನ ಸೈನ್ಸ್ ಮ್ಯೂಸಿಯಂನಲ್ಲಿ ಅವುಗಳ ಪ್ರದರ್ಶನ ನಡೆಯಿತು. ಅವರು 40 ವರ್ಷ ಕಾದರು. ನಾವು 40 ನಿಮಿಷವೂ ಕಾಯಲಿಲ್ಲ. ಕೋಣೆಯಿಂದ ಹೊರಬಂದು ಚಹಾ ಕುಡಿಯುವುದರೊಳಗೆ ಫೋಟೋ ಸಮಿತಿಯ ಗುಂಪಿಗೆ ಹೋಗಿತ್ತು.

ನಮ್ಮ ನಾಡಿನಲ್ಲೂ ಒಬ್ಬರಿದ್ದರು. ಮೈಸೂರಿನ ಟಿ.ಎಸ್. ಸತ್ಯನ್. 1923ರಲ್ಲಿ ಹುಟ್ಟಿ, 2009ರಲ್ಲಿ ತೀರಿಕೊಂಡರು. 1977ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಯುನಿಸೆಫ್‌ಗಾಗಿ, ವಿಶ್ವ ಆರೋಗ್ಯ ಸಂಸ್ಥೆಗಾಗಿ ದೇಶವೆಲ್ಲ ಸುತ್ತಿ ಚಿತ್ರ ತೆಗೆದರು. 1979 ಅಂತಾರಾಷ್ಟ್ರೀಯ ಮಕ್ಕಳ ವರ್ಷ. ಆ ವರ್ಷ ಅವರು ತೆಗೆದ ಮಕ್ಕಳ ಚಿತ್ರಗಳು ನ್ಯೂಯಾರ್ಕಿನ ವಿಶ್ವಸಂಸ್ಥೆಯ ಕೇಂದ್ರ ಕಚೇರಿಯಲ್ಲಿ ಪ್ರದರ್ಶನಗೊಂಡವು. ಸತ್ಯನ್ ಅವರ ಮಕ್ಕಳನ್ನು ನೋಡಿದವರು ಒಂದು ವಿಷಯ ಗಮನಿಸಿರುತ್ತೀರಿ. ಬಟ್ಟೆ ಹರಿದಿರಬಹುದು, ಕಾಲಲ್ಲಿ ಚಪ್ಪಲಿ ಇಲ್ಲದಿರಬಹುದು, ಆದರೆ ಮಗು ಆಡುತ್ತಿರುತ್ತದೆ, ನಗುತ್ತಿರುತ್ತದೆ, ಏನೋ ಒಂದು ಕೆಲಸದಲ್ಲಿ ಮುಳುಗಿರುತ್ತದೆ. ನೋಡುವವರ ಎದುರು ಕೈಚಾಚಿ ನಿಂತಿರುವುದಿಲ್ಲ.

ಇತ್ತೀಚಿನ ಸಂಗತಿಯನ್ನೂ ನೆನೆಯೋಣ. 2013ರ ಜನವರಿಯಲ್ಲಿ ಬೆಂಗಳೂರಿನ ಈಜೀಪುರದಲ್ಲಿ ಬಡವರ ವಸತಿ ಸಂಕೀರ್ಣದ ಜಾಗದಿಂದ ಸಾವಿರಕ್ಕೂ ಹೆಚ್ಚು ಕುಟುಂಬಗಳನ್ನು ಎಬ್ಬಿಸಿದರು. ಚಳಿಯಲ್ಲಿ ಪಾತ್ರೆ, ಹಾಸಿಗೆ, ಪುಸ್ತಕದ ಚೀಲಗಳ ನಡುವೆ ರಸ್ತೆ ಬದಿಯಲ್ಲಿ ಕುಳಿತ ಮಕ್ಕಳ ಚಿತ್ರಗಳು ಆಗ ಪತ್ರಿಕೆಗಳಲ್ಲಿ ಬಂದವು. ಆ ಚಿತ್ರಗಳು ಇಲ್ಲದಿದ್ದರೆ ದೂರದ ಕೊಡಿಗೇನಹಳ್ಳಿಯಲ್ಲಿ ಕುಳಿತ ನಮಗೆ ಅದು ಮುಟ್ಟುತ್ತಿತ್ತೇ? 2011ರ ಜನಗಣತಿಯ ಪ್ರಕಾರ ನಮ್ಮ ದೇಶದ ಕೊಳಗೇರಿಗಳಲ್ಲಿ ಸುಮಾರು 6.5 ಕೋಟಿ ಜನರಿದ್ದರು. ಅವರಲ್ಲಿ ಸುಮಾರು 80 ಲಕ್ಷ ಆರು ವರ್ಷದೊಳಗಿನ ಮಕ್ಕಳು. ಇಷ್ಟು ದೊಡ್ಡ ಸಂಖ್ಯೆ ಕಿವಿಗೆ ಬಿದ್ದು ಹೋಗುತ್ತದೆ. ಒಂದು ಚಿತ್ರ ಕಣ್ಣಲ್ಲಿ ಉಳಿಯುತ್ತದೆ. ಆದ್ದರಿಂದ ಚಿತ್ರ ಬೇಡ ಎಂದು ನಾವು ಹೇಳಲಾರೆವು.

ಇಷ್ಟೆಲ್ಲ ನೋಡಿದ ಮೇಲೆ ನಮಗೆ ಒಂದು ವಿಷಯ ಸ್ಪಷ್ಟವಾಯಿತು. ಹೈನ್ ತೆಗೆದ ಚಿತ್ರ ಗಿರಣಿ ಮಾಲೀಕನನ್ನು ಪ್ರಶ್ನಿಸುತ್ತದೆ. ಹೆಡ್ಜಸ್ ತೆಗೆದ ಚಿತ್ರ ಮನೆ ಬಾಡಿಗೆಗೆ ಕೊಟ್ಟವನನ್ನೂ ಸರಕಾರವನ್ನೂ ಪ್ರಶ್ನಿಸುತ್ತದೆ. ಈಜೀಪುರದ ಚಿತ್ರ ಮನೆ ಕೆಡವಿದವರನ್ನು ಪ್ರಶ್ನಿಸುತ್ತದೆ. ನಮ್ಮ ವರದಿಯ ಚಿತ್ರ ಯಾರನ್ನು ಪ್ರಶ್ನಿಸುತ್ತಿತ್ತು? ಯಾರನ್ನೂ ಇಲ್ಲ. ಅದು ನಮ್ಮನ್ನು ಹೊಗಳುತ್ತಿತ್ತು. ನೋಡಿ, ನಾವು ಎಂಥ ಬಡವರಿಗೆ ಕೊಟ್ಟಿದ್ದೇವೆ ಎಂದು ಹೇಳುತ್ತಿತ್ತು. ಆ ಹುಡುಗಿಯ ಮನೆಯ ತೇವದ ಗೋಡೆ ನಮ್ಮ ಒಳ್ಳೆಯತನಕ್ಕೆ ರಸೀದಿಯಾಗಿತ್ತು.

ಫೋಟೋದಲ್ಲಿ ಇದ್ದವರು ಏನು ಹೇಳುತ್ತಾರೆ ಎಂಬುದನ್ನೂ ಕೇಳೋಣ. 1936ರಲ್ಲಿ ಅಮೆರಿಕದಲ್ಲಿ ಡೊರೊತಿಯಾ ಲ್ಯಾಂಗ್ ಎಂಬ ಛಾಯಾಗ್ರಾಹಕಿ, ಬಟಾಣಿ ಕೀಳಲು ಬಂದ ಕೂಲಿಕಾರರ ಬಿಡಾರದಲ್ಲಿ ಒಬ್ಬ ತಾಯಿಯ ಚಿತ್ರ ತೆಗೆದರು. ಚಿತ್ರ ಪತ್ರಿಕೆಯಲ್ಲಿ ಬಂದ ಮೇಲೆ ಸರಕಾರ ಆ ಬಿಡಾರಕ್ಕೆ ಆಹಾರ ಕಳುಹಿಸಿತು. ಅಷ್ಟರಲ್ಲಿ ಆ ತಾಯಿ ಮಕ್ಕಳನ್ನು ಕರೆದುಕೊಂಡು ಬೇರೆಡೆ ಹೋಗಿಯಾಗಿತ್ತು. ಚಿತ್ರ ಜಗತ್ತಿಗೆಲ್ಲ ಪರಿಚಯವಾಯಿತು, ಆಕೆಯ ಹೆಸರು ಮಾತ್ರ ಸುಮಾರು 40 ವರ್ಷ ಯಾರಿಗೂ ಗೊತ್ತಿರಲಿಲ್ಲ. ಫ್ಲಾರೆನ್ಸ್ ಥಾಂಪ್ಸನ್ ಎಂಬ ಆ ಹೆಂಗಸು 1978ರಲ್ಲಿ ಬಾಯಿ ಬಿಟ್ಟಾಗ, ಆ ಚಿತ್ರ ತೆಗೆಯದಿದ್ದರೆ ಚೆನ್ನಾಗಿತ್ತು, ಅದರಿಂದ ತನಗೆ ಒಂದು ಕಾಸೂ ಬರಲಿಲ್ಲ, ತನ್ನ ಹೆಸರನ್ನೂ ಕೇಳಲಿಲ್ಲ ಎಂದು ನೊಂದುಕೊಂಡರು.

ಇನ್ನೊಬ್ಬಳು ನಮಗೆ ಹತ್ತಿರದವಳು. ಹಸಿರು ಕಣ್ಣಿನ ಅಫ್ಘಾನ್ ಹುಡುಗಿಯ ಚಿತ್ರ ನೀವೆಲ್ಲ ನೋಡಿದ್ದೀರಿ. 1984ರಲ್ಲಿ ಪೇಶಾವರದ ಹತ್ತಿರದ ನಿರಾಶ್ರಿತರ ಶಿಬಿರದಲ್ಲಿ, ಡೇರೆಯ ಶಾಲೆಯಲ್ಲಿ ತೆಗೆದದ್ದು. 1985ರ ಜೂನ್‌ನಲ್ಲಿ ನ್ಯಾಷನಲ್ ಜಿಯೋಗ್ರಾಫಿಕ್ ಪತ್ರಿಕೆಯ ಮುಖಪುಟವಾಯಿತು. 2002ರಲ್ಲಿ ಆಕೆಯನ್ನು ಹುಡುಕಿ ಹೋದಾಗ ಮಾತ್ರ ಶರಬತ್ ಗುಲಾ ಎಂಬ ಹೆಸರು ತಿಳಿಯಿತು. ಲೋಕವೆಲ್ಲ ಕಂಡ ತನ್ನ ಚಿತ್ರವನ್ನು ಆಕೆ ಅಲ್ಲಿಯವರೆಗೆ ಕಂಡೇ ಇರಲಿಲ್ಲ. 2016ರಲ್ಲಿ ಗುರುತಿನ ಚೀಟಿಯ ವಿಚಾರದಲ್ಲಿ ಪಾಕಿಸ್ತಾನದಲ್ಲಿ ಬಂಧನವಾಯಿತು. ಆ ಚಿತ್ರದಿಂದ ಒಳ್ಳೆಯದಕ್ಕಿಂತ ತೊಂದರೆಯೇ ಹೆಚ್ಚಾಯಿತು ಎಂಬ ಅರ್ಥದ ಮಾತನ್ನು ಆಕೆ ಆಮೇಲೆ ಆಡಿದರು.

ಈ ಇಬ್ಬರ ಮಾತು ಕೇಳಿದಾಗ ನಮಗೆ ನಮ್ಮ ಕಚೇರಿಯ ಬಾಗಿಲಲ್ಲಿ ನಿಂತ ಹುಡುಗಿಯೇ ನೆನಪಾದಳು.

ನಮ್ಮ ದೀನ್ ಈ ವಿಷಯದಲ್ಲಿ ಏನು ಕಲಿಸಿದೆ? ಸೂರಃ ಅಲ್ ಬಕರಃದಲ್ಲಿ ದಾನದ ವಿಷಯ ಹಲವು ಕಡೆ ಬರುತ್ತದೆ. ಬಹಿರಂಗವಾಗಿ ಕೊಡುವುದೂ ಒಳ್ಳೆಯದೇ, ಬಡವರಿಗೆ ಗುಟ್ಟಾಗಿ ಕೊಡುವುದು ಇನ್ನೂ ಮೇಲು ಎಂಬ ತಿಳಿವಳಿಕೆ ಅಲ್ಲಿದೆ. ಕೊಟ್ಟದ್ದನ್ನು ಎತ್ತಿ ಆಡಿ, ಪಡೆದವರನ್ನು ನೋಯಿಸಿ, ಸ್ವತಃ ದಾನವನ್ನೇ ವ್ಯರ್ಥ ಮಾಡಿಕೊಳ್ಳಬಾರದು ಎಂಬ ಎಚ್ಚರಿಕೆಯೂ ಇದೆ. ಅದೇ ಸೂರಃದಲ್ಲಿ, ಕಷ್ಟದಲ್ಲಿದ್ದರೂ ಯಾರಲ್ಲೂ ಕೇಳದೆ ಮಾನದಿಂದ ಇರುವವರ ಪ್ರಸ್ತಾಪವಿದೆ. ತಿಳಿಯದವರು ನೋಡಿದರೆ ಅವರನ್ನು ಅನುಕೂಲವಂತರೆಂದೇ ಭಾವಿಸುತ್ತಾರೆ. ನಮ್ಮ ಝಕಾತ್, ಸದಖಾ ಮೊದಲು ಹುಡುಕಿಕೊಂಡು ಹೋಗಬೇಕಾದದ್ದು ಇಂಥವರನ್ನು. ಯೋಚಿಸಿ, ಅವರು ಇಷ್ಟು ವರ್ಷ ಜತನದಿಂದ ಮುಚ್ಚಿಟ್ಟ ಕಷ್ಟವನ್ನು ನಾವು ಬಣ್ಣದಲ್ಲಿ ಅಚ್ಚು ಮಾಡಿ ಹಂಚುತ್ತಿದ್ದೆವು.

ದೇಶದ ಕಾನೂನೂ ಇದೇ ದಿಕ್ಕಿನಲ್ಲಿದೆ. 2015ರ ಬಾಲನ್ಯಾಯ ಕಾಯ್ದೆಯ 74ನೇ ಸೆಕ್ಷನ್, ಪಾಲನೆ ಮತ್ತು ರಕ್ಷಣೆ ಬೇಕಾದ ಮಗುವಿನ ಹೆಸರು, ವಿಳಾಸ, ಶಾಲೆ, ಚಿತ್ರ ಪ್ರಕಟಿಸುವುದನ್ನು ನಿಷೇಧಿಸುತ್ತದೆ. ತಪ್ಪಿದರೆ ಆರು ತಿಂಗಳವರೆಗೆ ಜೈಲು ಅಥವಾ 2 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, 18 ವರ್ಷದೊಳಗಿನವರ ಮಾಹಿತಿ ಬಳಸಲು ತಂದೆತಾಯಿ ಅಥವಾ ಪೋಷಕರ ಖಚಿತ ಒಪ್ಪಿಗೆ ಬೇಕೆನ್ನುತ್ತದೆ. ವಿದ್ಯಾರ್ಥಿವೇತನ ಪಡೆಯುವ ಪ್ರತಿ ಮಗುವೂ ಬಾಲನ್ಯಾಯ ಕಾಯ್ದೆಯ ಆ ವ್ಯಾಖ್ಯೆಗೆ ಬರುವುದಿಲ್ಲ, ನಿಜ. ಆದರೆ ಇಲ್ಲಿ ಒಂದು ಸೂಕ್ಷ್ಮ ಇದೆ. ಶುಲ್ಕ ಕೊಡುವವರು ಎದುರು ನಿಂತು 'ಫೋಟೋ ತೆಗೆಯಲೇ?' ಎಂದರೆ ಯಾವ ತಾಯಿ ಬೇಡ ಎಂದಾರು? ಅದು ಒಪ್ಪಿಗೆಯಲ್ಲ, ಋಣದ ಭಾರ.

ಈಗ ದಾನಿಗಳ ಮಾತಿಗೆ ಬರುತ್ತೇವೆ. ನಿಮ್ಮಲ್ಲಿ ಹಲವರು ಬೆವರು ಸುರಿಸಿ ದುಡಿದ ಹಣ ಕೊಡುತ್ತೀರಿ. ಅಂಗಡಿ ನಡೆಸುವವರು, ಲಾರಿ ಓಡಿಸುವವರು, ದೂರದ ಗಲ್ಫ್‌ನಲ್ಲಿ ಕುಟುಂಬ ಬಿಟ್ಟು ಇರುವವರು. 'ಫೋಟೋ ಇಲ್ಲದಿದ್ದರೆ ಹಣ ತಲುಪಿತೆಂದು ನಮಗೆ ಹೇಗೆ ತಿಳಿಯಬೇಕು?' ಎಂದು ನೀವು ಕೇಳುವುದು ನ್ಯಾಯ. ಟ್ರಸ್ಟುಗಳ ಹೆಸರಿನಲ್ಲಿ ಮೋಸ ನಡೆಯುವುದೂ ಉಂಟು. ಆದರೆ ಒಂದು ಮಾತು. ಫೋಟೋ ನೋಡಿದರೆ ಒಂದು ಮಗು ಒಂದು ದಿನ ಒಂದು ಚೆಕ್ ಹಿಡಿದಿತ್ತು ಎಂದಷ್ಟೇ ತಿಳಿಯುತ್ತದೆ. ಶುಲ್ಕ ಕಟ್ಟಲಾಯಿತೇ, ಮಗು ಓದು ಮುಂದುವರಿಸಿತೇ ಎಂಬುದು ತಿಳಿಯುವುದಿಲ್ಲ. ಅದಕ್ಕೆ ಬೇರೆ ದಾರಿ ಮಾಡಿದ್ದೇವೆ. ಹಣವನ್ನು ನೇರವಾಗಿ ಶಾಲೆ, ಕಾಲೇಜಿನ ಖಾತೆಗೇ ಕಟ್ಟುತ್ತೇವೆ. ರಸೀದಿ, ಹಾಜರಿ, ಅಂಕಪಟ್ಟಿ ನಮ್ಮ ಕಡತದಲ್ಲಿರುತ್ತವೆ. ಪ್ರತಿ ಅರ್ಜಿಗೂ ಒಂದು ಸಂಖ್ಯೆ ಇರುತ್ತದೆ. ದಾನಿಗೆ ಆ ಸಂಖ್ಯೆಯ ವಿವರ ಹೋಗುತ್ತದೆ: ಯಾವ ತರಗತಿ, ಎಷ್ಟು ಕಟ್ಟಿದೆವು, ಫಲಿತಾಂಶ ಏನಾಯಿತು. ಲೆಕ್ಕ ಪರಿಶೋಧಕರು ಎಲ್ಲ ಕಡತ ನೋಡಿ ಸಹಿ ಹಾಕುತ್ತಾರೆ. ಯಾವ ದಾನಿಯಾದರೂ ಯಾವ ದಿನವಾದರೂ ಕಚೇರಿಗೆ ಬಂದು ಲೆಕ್ಕದ ಪುಸ್ತಕ ನೋಡಬಹುದು.

ಈ ತೀರ್ಮಾನಕ್ಕೆ ಬೆಲೆ ತೆತ್ತಿದ್ದೇವೆ ಎಂಬುದನ್ನೂ ಮುಚ್ಚಿಡುವುದಿಲ್ಲ. ಒಬ್ಬ ದೊಡ್ಡ ದಾನಿ, ಫೋಟೋ ಇಲ್ಲವಾದರೆ ತಮ್ಮ ಕೊಡುಗೆಯೂ ಇಲ್ಲ ಎಂದರು. ಅವರ ಹಳೆಯ ಸಹಾಯವನ್ನು ನಾವು ಮರೆಯುವುದಿಲ್ಲ, ಅಲ್ಲಾಹನು ಅವರಿಗೆ ಒಳ್ಳೆಯದು ಮಾಡಲಿ. ಆದರೆ ಅದರಿಂದ ಈ ವರ್ಷ ಯೋಗ್ಯವಾದ ಕೆಲವು ಹೊಸ ಅರ್ಜಿಗಳನ್ನು ಬಾಕಿ ಇಡಬೇಕಾಯಿತು. ಆ ಮಕ್ಕಳ ತಂದೆತಾಯಿಯರಲ್ಲಿ ಕೆಲವರು ಇಲ್ಲೇ ಕುಳಿತಿದ್ದಾರೆ. ಅವರ ಮುಖ ನೋಡಿ ಈ ಮಾತು ಹೇಳುವುದು ಸುಲಭವಲ್ಲ. ಒಬ್ಬರ ಮಾನ ಉಳಿಸಲು ಇನ್ನೊಬ್ಬರ ಶುಲ್ಕ ನಿಲ್ಲಿಸಿದಿರಾ ಎಂದು ನೀವು ಕೇಳಿದರೆ, ಹೌದು, ಈ ವರ್ಷ ಹಾಗೆಯೇ ಆಗಿದೆ. ಅದನ್ನು ಸರಿಪಡಿಸುವುದು ಈ ಸಭೆಯಲ್ಲಿರುವ ನಮ್ಮೆಲ್ಲರ ಹೊಣೆ.

ಕ್ಯಾಮೆರಾ ಪೂರ್ತಿ ಬಿಟ್ಟಿಲ್ಲ. ನಮ್ಮ ರಾಜ್ಯದಲ್ಲಿ ಕೊಳಗೇರಿಗಳಿಗಾಗಿ 1973ರ ಕಾಯ್ದೆ ಇದೆ. ಅದರಡಿ ಬಂದ ಮಂಡಳಿಯ ಹೆಸರಿನಲ್ಲಿ ಮೊದಲು 'ನಿರ್ಮೂಲನ' ಎಂಬ ಮಾತಿತ್ತು, ಈಗ ಅದು ಕೊಳಗೇರಿ ಅಭಿವೃದ್ಧಿ ಮಂಡಳಿ. ಒಂದು ಪ್ರದೇಶವನ್ನು ಕೊಳಗೇರಿ ಎಂದು ಸರಕಾರ ಘೋಷಿಸಿದ ಮೇಲೆಯೇ ಆ ಕಾಯ್ದೆಯ ರಕ್ಷಣೆ ಅಲ್ಲಿನ ಜನರಿಗೆ ಸಿಗುವುದು. ಅದಕ್ಕೆ ಅರ್ಜಿ ಹಾಕುವಾಗ ಸೋರುವ ಚಾವಣಿ, ಒಡೆದ ಮೋರಿ, ಹತ್ತಾರು ಮನೆಗಳಿಗೆ ಇರುವ ಒಂದೇ ನಲ್ಲಿ, ಇವುಗಳ ಫೋಟೋ ಬೇಕು. ಮೋರಿಯ ಫೋಟೋಗೆ ಮಗುವಿನ ಮುಖ ಬೇಕಿಲ್ಲ. ಬೆಂಗಳೂರು, ತುಮಕೂರಿನ ಕೊಳಗೇರಿಗಳಲ್ಲಿ ಇರುವ ನಮ್ಮ ಕಡೆಯ ಕುಟುಂಬಗಳು ಕೇಳಿದರೆ ಇಂಥ ಫೋಟೋ ತೆಗೆಯಲು, ಅರ್ಜಿ ಬರೆಯಲು ನಾವು ಸಹಾಯ ಮಾಡುತ್ತೇವೆ.

ಇನ್ನೊಂದು ಪ್ರಯೋಗ ಮಾಡಿದೆವು. ರಂಜಾನ್ ರಜೆಗೆ ಊರಿಗೆ ಬಂದ, ಬೆಂಗಳೂರಿನಲ್ಲಿ ಓದುವ ಕೆಲವು ಮಕ್ಕಳಿಗೆ, 'ನೀವು ವಾಪಸ್ ಹೋದ ಮೇಲೆ ನಿಮ್ಮ ಮನೆಯ ಫೋಟೋ ನೀವೇ ತೆಗೆದು ನಮಗೆ ತೋರಿಸಿ, ನಾವು ಯಾರಿಗೂ ಕೊಡುವುದಿಲ್ಲ' ಎಂದೆವು. ಸೋರುವ ಚಾವಣಿ ಬರುತ್ತದೆ ಎಂದುಕೊಂಡಿದ್ದೆವು. ಬಂದದ್ದೇ ಬೇರೆ. ಅಮ್ಮಿಯ ಹೊಲಿಗೆ ಯಂತ್ರ. ಗೋಡೆಗೆ ಹೊಡೆದ ಹಲಗೆಯ ಮೇಲೆ ಸಾಲಾಗಿ ಇಟ್ಟ ಪಠ್ಯಪುಸ್ತಕ. ಅಜ್ಜಿ ಸಾಕಿದ ಕೋಳಿ. ಸಂಜೆ ಕರೆಂಟ್ ಹೋದಾಗ ಓದಲು ಹತ್ತಿ ಕೂರುವ ಪಕ್ಕದ ಮನೆಯ ತಾರಸಿ. ಒಬ್ಬ ಹುಡುಗ ತೆಗೆದದ್ದು ಕೇವಲ ಬಾಗಿಲು, ಅದಕ್ಕೆ ಅವನ ಅಬ್ಬಾ ಆ ವಾರ ಹಸಿರು ಬಣ್ಣ ಬಳಿದಿದ್ದರು. ಅದೇ ಮನೆಗಳು, ಅದೇ ಬಡತನ. ನಾವು ಹೋಗಿ ತೆಗೆದಾಗ ಇವು ಒಂದೂ ನಮ್ಮ ಕಣ್ಣಿಗೆ ಬಿದ್ದಿರಲಿಲ್ಲ. ಮಕ್ಕಳಿಗೆ ಮಾತು ಕೊಟ್ಟ ಪ್ರಕಾರ ಅವನ್ನೂ ಅಚ್ಚು ಮಾಡಿಲ್ಲ.

ಆ ಹುಡುಗಿಯ ವಿಷಯ ಹೇಳಿ ಮುಗಿಸುತ್ತೇವೆ. ನಾವು ಅವಳ ಮನೆಗೆ ಹೋಗಿ, ತಂದೆತಾಯಿಯ ಎದುರು ಕ್ಷಮೆ ಕೇಳಿದೆವು. ಕಚೇರಿಯಲ್ಲಿ ಉಳಿದಿದ್ದ ಪ್ರತಿಗಳಿಂದ ಆ ಪುಟ ತೆಗೆದುಹಾಕಿದೆವು. ಹಂಚಿದ ಪ್ರತಿಗಳು ಎಲ್ಲಿವೆಯೋ ಅಲ್ಲೇ ಇವೆ. ಅವಳು ಕಾಲೇಜಿಗೆ ಮರಳಿದಳು, ಪಿಯುಸಿ ಮುಗಿಸಿ ಈಗ ಮುಂದಿನ ಓದಿನಲ್ಲಿದ್ದಾಳೆ. ಇವತ್ತು ಈ ಮಾತು ಹೇಳಬಹುದೇ ಎಂದು ಮೊದಲೇ ಕೇಳಿದ್ದೆವು. 'ಹೇಳಿ ಚಾಚಾ, ಬೇರೆಯವರಿಗೆ ಹಾಗಾಗಬಾರದು. ಆದರೆ ನಾನು ಸಭೆಗೆ ಬರುವುದಿಲ್ಲ' ಎಂದಳು. ಅವಳು ಇಲ್ಲಿಲ್ಲ. ನೀವು ಹುಡುಕಬೇಡಿ.

ದಾನಿಗಳಲ್ಲಿ ಒಂದು ವಿನಂತಿ. ಮನೆಯಲ್ಲಿ ನಮ್ಮ ಹಳೆಯ ವರದಿಗಳು ಇದ್ದರೆ, ನಡುವಿನ ಪುಟಗಳನ್ನು ತೆಗೆದು ಹರಿದುಹಾಕಿ, ಇಲ್ಲವೇ ನಮಗೆ ತಲುಪಿಸಿ. ಮೊಬೈಲಿನಲ್ಲಿ ಅಂಥ ಚಿತ್ರ ಇದ್ದರೆ ಅಳಿಸಿ. ಇದರಲ್ಲಿ ಖರ್ಚೇನೂ ಇಲ್ಲ, ಇದೂ ಸದಖಾ ಎಂದೇ ತಿಳಿಯಿರಿ. ಮತ್ತು ಬಾಕಿ ಉಳಿದ ಆ ಅರ್ಜಿಗಳನ್ನು ನೆನಪಿಡಿ. ಅವುಗಳ ಮೇಲೆ ಫೋಟೋ ಇಲ್ಲ, ಸಂಖ್ಯೆ ಮಾತ್ರ ಇದೆ. ಪ್ರತಿ ಸಂಖ್ಯೆಯ ಹಿಂದೆ ಒಂದು ಮಗು ಕಾಯುತ್ತಿದೆ.

ಅಲ್ಲಾಹನು ನಮ್ಮ ತಪ್ಪನ್ನು ಕ್ಷಮಿಸಲಿ, ನಿಮ್ಮ ದಾನವನ್ನು ಸ್ವೀಕರಿಸಲಿ, ಈ ಮಕ್ಕಳ ಓದಿನಲ್ಲಿ ಬರಕತ್ ಕೊಡಲಿ. ಆಮೀನ್. ವಸ್ಸಲಾಮ್.

ವಿದ್ಯಾರ್ಥಿವೇತನ ಪ್ರಕಟಣೆ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳ ವಿದ್ಯಾರ್ಥಿಗಳಿಂದ ಹಾಗೂ ಈ ತಾಲ್ಲೂಕುಗಳಿಂದ ಬೆಂಗಳೂರು, ತುಮಕೂರು ಮತ್ತಿತರ ಊರುಗಳಿಗೆ ದುಡಿಯಲು ಹೋದ ಕುಟುಂಬಗಳ ಮಕ್ಕಳಿಂದ ಅರ್ಜಿ ಕರೆಯಲಾಗಿದೆ. ಪಿಯುಸಿ, ಐಟಿಐ, ಡಿಪ್ಲೊಮಾ, ಪದವಿ ಮತ್ತು ವೃತ್ತಿಪರ ಕೋರ್ಸುಗಳಲ್ಲಿ ಓದುತ್ತಿರುವವರು ಅರ್ಜಿ ಹಾಕಬಹುದು.

ಲಗತ್ತಿಸಬೇಕಾದವು: ಹಿಂದಿನ ವರ್ಷದ ಅಂಕಪಟ್ಟಿ, ಈ ವರ್ಷದ ಶುಲ್ಕದ ವಿವರ, ಆದಾಯ ಪ್ರಮಾಣಪತ್ರ, ಪಡಿತರ ಚೀಟಿಯ ಪ್ರತಿ, ಕಾಲೇಜಿನ ಬ್ಯಾಂಕ್ ಖಾತೆಯ ವಿವರ.

ಅರ್ಜಿಗೆ ವಿದ್ಯಾರ್ಥಿಯ ಫೋಟೋ, ಮನೆಯ ಫೋಟೋ, ಕುಟುಂಬದ ಫೋಟೋ ಯಾವುದೂ ಬೇಡ. ಮನೆಗೆ ಬರುವ ನಮ್ಮ ಇಬ್ಬರು ಸದಸ್ಯರು ಮೊಬೈಲಿನಲ್ಲಿ ಚಿತ್ರ ತೆಗೆಯುವುದಿಲ್ಲ. ಯಾರಾದರೂ ತೆಗೆಯಲು ಬಂದರೆ ಬೇಡ ಎನ್ನಿ. ಅದರಿಂದ ನಿಮ್ಮ ಅರ್ಜಿಗೆ ತೊಂದರೆಯಾಗುವುದಿಲ್ಲ. ಆಯ್ಕೆಯಾದವರ ಹೆಸರನ್ನು ಸೂಚನಾ ಫಲಕದಲ್ಲಿ ಹಾಕುವುದಿಲ್ಲ, ಅರ್ಜಿ ಸಂಖ್ಯೆ ಮಾತ್ರ ಇರುತ್ತದೆ.

ಸರಕಾರದ ಅಲ್ಪಸಂಖ್ಯಾತರ ವಿದ್ಯಾರ್ಥಿವೇತನಕ್ಕೆ ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ (ಎಸ್‌ಎಸ್‌ಪಿ) ತಪ್ಪದೆ ಅರ್ಜಿ ಹಾಕಿರಬೇಕು. ಅಲ್ಲಿ ಸಿಗದ ಅಥವಾ ಸಾಲದ ಮೊತ್ತಕ್ಕೆ ಟ್ರಸ್ಟ್ ನೆರವಾಗುತ್ತದೆ. ಅರ್ಜಿ ತುಂಬಲು ಬಾರದವರು ಕೊಡಿಗೇನಹಳ್ಳಿಯ ಕಚೇರಿಗೆ ಬಂದರೆ ನಾವೇ ತುಂಬಿಕೊಡುತ್ತೇವೆ. ಕಳೆದ ವರ್ಷ ಬಾಕಿ ಉಳಿದ ಅರ್ಜಿದಾರರು ಮತ್ತೆ ಅರ್ಜಿ ಹಾಕಬೇಕಿಲ್ಲ, ಅವರನ್ನೇ ಮೊದಲು ಪರಿಗಣಿಸಲಾಗುವುದು.